ಹರಾಜು ಮುಗಿದ ನಂತರದ ಹೊಣೆ: ಇಬೇ ನಿಯಮಗಳ ವಿಮರ್ಶೆ

ಆನ್‌ಲೈನ್ ಹರಾಜಿನಲ್ಲಿ ಕೊನೆಯ ಬಿಡ್ ಬಿದ್ದ ನಂತರವೇ ನಿಜವಾದ ವ್ಯವಹಾರ ಆರಂಭವಾಗುವುದರಿಂದ, 1995ರಲ್ಲಿ ಶುರುವಾದ ಇಬೇ ತಾಣವನ್ನು ಅದರ ಹರಾಜೋತ್ತರ ನಿಯಮಗಳಿಂದಲೇ ಅಳೆಯಬೇಕು. ಗೆದ್ದವರು ವಸ್ತುವನ್ನು ಕೊಳ್ಳಲು ಬದ್ಧರಾಗಿರುತ್ತಾರೆ. 4 ದಿನಗಳೊಳಗೆ ಹಣ ಪಾವತಿಸದಿದ್ದರೆ ಮಾರಾಟಗಾರರು ಆ ಆರ್ಡರನ್ನು ರದ್ದುಪಡಿಸಬಹುದು. ಎರಡನೆಯ ಸ್ಥಾನದಲ್ಲಿದ್ದವರಿಗೆ ಅವರದೇ ಬಿಡ್ ಮೊತ್ತಕ್ಕೆ ವಸ್ತುವನ್ನು ನೀಡುವ ಅವಕಾಶವೂ ಇರುವುದು ಮೆಚ್ಚತಕ್ಕದ್ದು, ಏಕೆಂದರೆ ಅದರಿಂದ ಮರುಹರಾಜಿನ ಶ್ರಮ ತಪ್ಪುತ್ತದೆ.

ಮಾರಾಟಗಾರರ ಹೊಣೆ ಇದಕ್ಕಿಂತ ಭಾರವಾದದ್ದು, ಹಾಗಿರಬೇಕಾದದ್ದೂ ಸರಿಯೇ. ನಿರೀಕ್ಷಿಸಿದಷ್ಟು ಬೆಲೆ ಬರಲಿಲ್ಲವೆಂದು ಅವರು ಹಿಂದೆ ಸರಿಯುವಂತಿಲ್ಲ. ಹೇಳಿದ ಅವಧಿಯೊಳಗೆ ವಸ್ತುವನ್ನು ಭದ್ರವಾಗಿ ಕಟ್ಟಿ ಕಳುಹಿಸಬೇಕು. ವಸ್ತು ತಲುಪದಿದ್ದರೆ, ಇಲ್ಲವೇ ವಿವರಣೆಗೆ ಹೊಂದದಿದ್ದರೆ, ಹಣ ಮರಳಿಸುವ ಖಾತರಿಯಡಿ ಖರೀದಿದಾರರು ದೂರು ಸಲ್ಲಿಸಬಹುದು. ಆದ್ದರಿಂದ ಸಣ್ಣ ಗೀರು, ಕಲೆಗಳನ್ನೂ ಮೊದಲೇ ಬರೆದು, ಚಿತ್ರ ಹಾಕುವುದು ಮಾರಾಟಗಾರರಿಗೇ ರಕ್ಷಣೆ.

ನನ್ನ ಆಕ್ಷೇಪ ಒಂದೇ. 2008ರಿಂದ ಮಾರಾಟಗಾರರು ಖರೀದಿದಾರರಿಗೆ ನಕಾರಾತ್ಮಕ ಅಭಿಪ್ರಾಯ ನೀಡುವಂತಿಲ್ಲ. ಸೇಡಿನ ಭಯವಿಲ್ಲದೆ ಖರೀದಿದಾರರು ಸತ್ಯ ಬರೆಯಲು ಇದು ನೆರವಾಯಿತೆಂಬುದನ್ನು ಒಪ್ಪುತ್ತೇನೆ. ಆದರೆ ಹಣ ಕೊಡದೆ ಸುಮ್ಮನಾದವರ ಬಗ್ಗೆ ಇತರ ಮಾರಾಟಗಾರರನ್ನು ಬಹಿರಂಗವಾಗಿ ಎಚ್ಚರಿಸುವ ದಾರಿಯೂ ಅದರೊಂದಿಗೆ ಮುಚ್ಚಿಹೋಯಿತು.