ಪಿಸಿ ಗೇಮ್ ಪಾಸ್, ವರ್ಷ ದಾಟಿದ ಮೇಲೆ: ರಾತ್ರಿಯ ಎರಡು ಗಂಟೆಯ ಲೆಕ್ಕ

ಪಿಸಿ ಗೇಮ್ ಪಾಸ್ ಅಂದರೆ ತಿಂಗಳ ಚಂದಾ ಕಟ್ಟಿ ಕಂಪ್ಯೂಟರ್‌ನಲ್ಲಿ ಹಲವು ಆಟ ಆಡುವ ಮೈಕ್ರೋಸಾಫ್ಟ್ ಸೇವೆ. ಅದರ ಬೆಲೆ, ಆಟಗಳ ಪಟ್ಟಿ ಎಲ್ಲ ನೀವು ನೋಡಿಯೇ ಇರುತ್ತೀರಿ. ಆ ಪಟ್ಟಿಯಲ್ಲಿ ಕಾಣದ ಸಂಗತಿ ಒಂದಿದೆ. ಊಟ ಮುಗಿಸಿ ಒಂಬತ್ತೂವರೆಗೆ ಕೂತರೆ ಸಿಗುವ ಎರಡು ಗಂಟೆಯಲ್ಲಿ ಆಟಕ್ಕೆ ಉಳಿಯುವುದೆಷ್ಟು?

40 ಜಿಬಿ ಅಪ್‌ಡೇಟ್ ಬಂತೆನ್ನಿ. 40 ಎಂಬಿಪಿಎಸ್ ಲೈನಿನಲ್ಲಿ ಪೂರ್ತಿ ಸ್ಪೀಡ್ ಸಿಕ್ಕರೂ 2 ಗಂಟೆ 13 ನಿಮಿಷ ಬೇಕು. ರೌಟರ್ ಹಾಲ್‌ನಲ್ಲಿದ್ದು ಕಂಪ್ಯೂಟರ್ ಎರಡು ಗೋಡೆಯಾಚೆ ಇದ್ದರೆ ಇನ್ನೂ ಜಾಸ್ತಿ. ಇಳಿದ ಮೇಲೂ ಫೈಲ್‌ಗಳನ್ನು ಬಿಚ್ಚಿ ಜೋಡಿಸಬೇಕು. ಹಳೇ ಹಾರ್ಡ್ ಡಿಸ್ಕ್ ಆದರೆ ಅದು ತೆವಳುತ್ತದೆ. ಅಲ್ಲಿಗೆ ಆ ರಾತ್ರಿ ಮುಗೀತು.

ಇದಕ್ಕೆ ದುಡ್ಡಿನ ಲೆಕ್ಕ ಹಾಕುವವರಿದ್ದಾರೆ. ತಿಂಗಳಿಗೆ ₹40,000 ಸಂಬಳ, 200 ಗಂಟೆ ಕೆಲಸ, ಅಂದರೆ ಗಂಟೆಗೆ ₹200, ಎರಡು ಗಂಟೆಗೆ ₹400 ನಷ್ಟ ಅಂತ. ರಾತ್ರಿ ಹತ್ತಕ್ಕೆ ಆ ₹200 ಯಾರು ಕೊಡುತ್ತಾರೆ ಸ್ವಾಮಿ? ಹಾಗಂತ ಬೆಲೆ ಸೊನ್ನೆಯೂ ಅಲ್ಲ. ವಾರಕ್ಕೆ ಸಿಗುವುದೇ ನಾಲ್ಕು ರಾತ್ರಿ ಅಂದರೆ, ಅದರಲ್ಲೊಂದು ಅಪ್‌ಡೇಟಿಗೆ ಹೋಯಿತು ಎಂದರೆ ಕಾಲು ಭಾಗ ಹೋಯಿತು.

ಮದ್ದು ಸುಲಭ. ವಿಂಡೋಸ್ ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಅನ್ನು ‘ನೆವರ್’ಗೆ ಹಾಕಿ, ಮಾನಿಟರ್ ಮಾತ್ರ ಆರಿಸಿ ಮಲಗಿ, ಕಂಪ್ಯೂಟರ್ ನಿದ್ದೆಗೆ ಜಾರಿದರೆ ಡೌನ್‌ಲೋಡ್ ಅರ್ಧಕ್ಕೇ ನಿಲ್ಲುತ್ತದೆ. ಸಂಜೆ ಕುಕ್ಕರ್ ಇಡುವ ಮೊದಲು ಪಾಸ್‌ನ ಆಟಗಳು ಇಳಿಯುವ ಎಕ್ಸ್‌ಬಾಕ್ಸ್ ಆ್ಯಪ್ ಒಮ್ಮೆ ತೆರೆದು, ಡೌನ್‌ಲೋಡ್ ಸಾಲಿನಲ್ಲಿ ಏನು ಕೂತಿದೆ ನೋಡಿ, ಇಂದು ಆಡುವ ಆಟ ಬಿಟ್ಟು ಉಳಿದದ್ದನ್ನೆಲ್ಲ ತಡೆದು ನಿಲ್ಲಿಸಿ. ಮೂರು ಸೀಟಿ ಕೂಗಿ, ಅನ್ನ ಸಾರು ಮುಗಿದು, ತಟ್ಟೆ ತೊಳೆದಿಡುವಷ್ಟರಲ್ಲಿ ಸಣ್ಣ ಅಪ್‌ಡೇಟ್ ಇಳಿದಿರುತ್ತದೆ. ಈ ಕೆಲಸದಲ್ಲಿ, ಆಟಗಳನ್ನು ಒಂದೊಂದಾಗಿ ಕೊಳ್ಳುವ ಆನ್‌ಲೈನ್ ಅಂಗಡಿ ಸ್ಟೀಮ್ ಜಾಣ: ಅಪ್‌ಡೇಟಿಗೆ ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆ ಎಂದು ಅದಕ್ಕೇ ಹೇಳಿಡಬಹುದು.

ಇಷ್ಟು ಬೈದ ಮೇಲೂ ಗೇಮ್ ಪಾಸ್ ಇಟ್ಟುಕೊಳ್ಳುವಂತೆ ಮಾಡುವುದು, ಆಟವನ್ನು ಅರ್ಧಕ್ಕೆ ಬಿಡುವ ಸ್ವಾತಂತ್ರ್ಯ. ದುಡ್ಡು ಕೊಟ್ಟು ಕೊಂಡ ಆಟ ಬೇಸರ ಬಂದರೂ ‘ಕೊಟ್ಟಿದ್ದೀವಲ್ಲ’ ಅಂತ ಎಳೆದಾಡುತ್ತದೆ. ಇಲ್ಲಿ ಇಪ್ಪತ್ತು ನಿಮಿಷಕ್ಕೆ ರುಚಿಸದಿದ್ದರೆ ಅನ್‌ಇನ್‌ಸ್ಟಾಲ್, ಮುಂದಿನದು. ಸ್ಟೀಮ್‌ನಲ್ಲೂ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಆದರೆ ಆಟ ತೆರೆದಾಗ ಶೇಡರ್ ಕಂಪೈಲ್ (ಚಿತ್ರ ಮೂಡಿಸುವ ಕೋಡ್ ಸಿದ್ಧವಾಗುವುದು) ಆಗುವವರೆಗೆ ಕಾದದ್ದು, ಗ್ರಾಫಿಕ್ಸ್ ಸೆಟ್ಟಿಂಗ್ ತಿದ್ದುತ್ತಾ ಕೂತದ್ದು ಕೂಡ ಆ ಎರಡು ಗಂಟೆಗೇ ಸೇರುತ್ತದೆ.

ದೊಡ್ಡ ಆಟವಾದರೆ ಮಾತು ಬೇರೆ. 50 ಗಂಟೆಯ ಆಟ, ವಾರಕ್ಕೆ 8 ಗಂಟೆ: ಆರು ವಾರಕ್ಕೂ ಮುಗಿಯದು, ಎರಡು ತಿಂಗಳ ಚಂದಾ ಹೋಯಿತು. ಅಷ್ಟರಲ್ಲಿ ಆಟವೇ ಪಟ್ಟಿಯಿಂದ ಹೊರಟರೆ ಅಲ್ಲಿಯವರೆಗೆ ಆಡಿದ್ದರ ಸೇವ್ ಕ್ಲೌಡ್‌ನಲ್ಲಿ ಉಳಿದರೂ ಆಡಲು ಕೊಳ್ಳಲೇಬೇಕು. ₹2,999ರ ಹಳೇ ಆಟ ಸೇಲ್‌ನಲ್ಲಿ 75% ಕಡಿತಕ್ಕೆ ಬಂದರೆ ₹750. ಉದ್ದದ ಆಟ ಕೊಳ್ಳಿ, ಸಣ್ಣವನ್ನು ಪಾಸ್‌ನಲ್ಲಿ ಆಡಿ.

ಚಂದಾ ಕಟ್ಟಿದ ದಿನವೇ ರಿಕರಿಂಗ್ ಬಿಲ್ಲಿಂಗ್ (ಪ್ರತಿ ತಿಂಗಳು ತಾನಾಗಿ ಹಣ ಕಡಿತ) ಆಫ್ ಮಾಡಿ. ತಿಂಗಳು ಮುಗಿಯುವವರೆಗೆ ಆಟ ನಡೆಯುತ್ತದೆ. ಮರೆತಿದ್ದರೂ, ಕಾರ್ಡ್‌ನಿಂದ ಆಟೋ ಡೆಬಿಟ್ ಆಗುವ 24 ಗಂಟೆ ಮೊದಲು ಬ್ಯಾಂಕ್ ಮೆಸೇಜ್ ಕಳಿಸಬೇಕೆಂಬುದು ಆರ್‌ಬಿಐ ನಿಯಮ. ಅದು ಬಂದಾಗ ಕಳೆದ ತಿಂಗಳು ಎಷ್ಟು ರಾತ್ರಿ ಆಡಿದಿರಿ ಎಣಿಸಿ. ನಾಲ್ಕು ದಾಟದಿದ್ದರೆ ಅಲ್ಲೇ ನಿಲ್ಲಿಸಿ.