ಜೆರಾಕ್ಸ್ ಅಂಗಡಿಯಲ್ಲಿ ಲಿನಕ್ಸ್ ಮಿಂಟ್: ಯುಎಸ್‌ಬಿ ಚುಚ್ಚಿದರೂ ಏನೂ ಕಾಣದಿದ್ದಾಗ

ಕಾಲೇಜಿನ ಎದುರು ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಟವರಿಗೆ ದಿನವಿಡೀ ಯುಎಸ್‌ಬಿಯದ್ದೇ ಕೆಲಸ. ಪೆನ್‌ಡ್ರೈವ್, ಫೋನ್, ಹಾರ್ಡ್ ಡಿಸ್ಕ್, ಪ್ರಿಂಟರ್, ಎಲ್ಲವೂ ಅದರಲ್ಲೇ. ನಮ್ಮ ಕೌಂಟರಿನ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮ್, ಅದರಲ್ಲೂ 2022ರಲ್ಲಿ ಬಂದ ಮಿಂಟ್ 21 ಹಾಕಿದ್ದೆ, ಈಗ 22 ಓಡುತ್ತಿದೆ. ಶಾರ್ಟ್‌ಕಟ್ ವೈರಸ್ಸಿನ ಕಾಟ ತಪ್ಪಿದೆ. ಆ ವೈರಸ್ ಬಚ್ಚಿಟ್ಟ ಫೈಲುಗಳೂ ಇಲ್ಲಿ ಎದುರಿಗೇ ಕಾಣುತ್ತವೆ. ಎಷ್ಟೋ ಹುಡುಗರ ಪ್ರಾಜೆಕ್ಟ್ ರಿಪೋರ್ಟ್ ಹೀಗೇ ಸಿಕ್ಕಿದೆ.

ಹಾಗಂತ ಚುಚ್ಚಿದ್ದೆಲ್ಲ ಬಂದುಬಿಡುತ್ತದೆ ಅಂತಲ್ಲ. ಬರದಿದ್ದಾಗ ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಎಲ್‌ಎಸ್‌ಯುಎಸ್‌ಬಿ (lsusb) ಕೊಡುತ್ತೇನೆ. ಕಂಪ್ಯೂಟರಿಗೆ ಕಂಡ ಯುಎಸ್‌ಬಿ ಸಾಧನಗಳ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಡ್ರೈವರ್ ಹುಡುಕುವುದು ದಂಡ. ಆಗ ನೋಡಬೇಕಾದ್ದು ಕೇಬಲ್, ಪೋರ್ಟ್, ಕರೆಂಟ್. ಚಾರ್ಜಿಂಗ್‌ಗೆ ಮಾತ್ರ ಮಾಡಿದ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಫೋನ್ ಕಾಣದಿರುವುದಕ್ಕೆ ನಮ್ಮಲ್ಲಿ ಇದೇ ಮೊದಲ ಕಾರಣ. ಎರಡನೆಯದು, ಫೋನಿನ ಲಾಕ್ ತೆಗೆದು 'ಫೈಲ್ ಟ್ರಾನ್ಸ್‌ಫರ್' ಆರಿಸದೇ ಇರುವುದು.

ಕರ್ನಲ್ (ಸಿಸ್ಟಮ್‌ನ ತಿರುಳು) ಹೇಳುವ ಮಾತುಗಳನ್ನು ತೋರಿಸುವ ಡಿಮೆಸೆಜ್ ಕಮಾಂಡನ್ನು ಸುಡೋ ಹಾಕಿ (sudo dmesg -w) ಓಡಿಸಿಟ್ಟು ಆಮೇಲೆ ಚುಚ್ಚಿದರೆ ಇನ್ನೂ ಸ್ಪಷ್ಟವಾಗುತ್ತದೆ. 'ಎರರ್ -71' ಬಂದರೆ ಸಿಗ್ನಲ್ ಸರಿಯಾಗಿ ತಲುಪುತ್ತಿಲ್ಲ, '-110' ಬಂದರೆ ಸಾಧನ ಉತ್ತರವನ್ನೇ ಕೊಡುತ್ತಿಲ್ಲ. ಎರಡಕ್ಕೂ ನಾನು ಮೊದಲು ಕೇಬಲ್ ಬದಲಿಸಿ, ಕ್ಯಾಬಿನೆಟ್ಟಿನ ಹಿಂಭಾಗದ ಪೋರ್ಟಿಗೆ ನೇರವಾಗಿ ಚುಚ್ಚುತ್ತೇನೆ. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪ್, 3.0 ಕೊಡುವುದು 900. ಅಡಾಪ್ಟರ್ ಇಲ್ಲದ ಯುಎಸ್‌ಬಿ ಹಬ್‌ಗೆ (ಒಂದು ಪೋರ್ಟನ್ನು ಹಲವಾಗಿಸುವ ಪೆಟ್ಟಿಗೆ) ಹಾರ್ಡ್ ಡಿಸ್ಕ್ ಹಾಕಿ, ಅದರ ಪಕ್ಕದಲ್ಲೇ ಇನ್ನೊಂದನ್ನು ಹಾಕಿದರೆ ಕರೆಂಟ್ ಸಾಲುವುದಿಲ್ಲ. ಡಿಸ್ಕ್ 'ಟಕ್ ಟಕ್' ಅನ್ನುತ್ತಾ ಬಂದು ಹೋಗಿ ಮಾಡುತ್ತದೆ. ಸ್ವಂತ ಅಡಾಪ್ಟರ್ ಇರುವ ಹಬ್ ತಂದಮೇಲೆ ಈ ತಲೆನೋವು ಹೋಯಿತು.

ಮಿಂಟ್ ಮೇಲೆ ನನ್ನ ದೊಡ್ಡ ದೂರು ಎನ್‌ಟಿಎಫ್‌ಎಸ್, ಅಂದರೆ ವಿಂಡೋಸ್‌ನ ಫೈಲ್ ವ್ಯವಸ್ಥೆ ಇರುವ ಡಿಸ್ಕುಗಳ ವಿಷಯದಲ್ಲಿ. ಗಿರಾಕಿಗಳು ವಿಂಡೋಸ್‌ನಿಂದ ಡಿಸ್ಕನ್ನು 'ಇಜೆಕ್ಟ್' ಮಾಡದೆ ಕಿತ್ತು ತರುತ್ತಾರೆ. ಅದಕ್ಕೆ 'ಡರ್ಟಿ', ಅಂದರೆ ಸರಿಯಾಗಿ ಮುಚ್ಚಿಲ್ಲ ಎಂಬ ಗುರುತು ಬಿದ್ದಿರುತ್ತದೆ. ಲಿನಕ್ಸ್ 5.15ರಿಂದ ಕರ್ನಲ್ ಒಳಗೇ ಇರುವ ಎನ್‌ಟಿಎಫ್‌ಎಸ್3 ಡ್ರೈವರ್ ಅಂಥ ಡಿಸ್ಕನ್ನು ತೆರೆಯಲು ಒಪ್ಪುವುದಿಲ್ಲ. ಒಪ್ಪದಿರುವುದು ಸರಿಯೇ, ಗಿರಾಕಿಯ ಡೇಟಾ ಮುಖ್ಯ ಅಲ್ವಾ? ಆದರೆ ತೆರೆಯ ಮೇಲೆ ಬರುವ ಮಾತು 'ರಾಂಗ್ ಎಫ್‌ಎಸ್ ಟೈಪ್, ಬ್ಯಾಡ್ ಸೂಪರ್‌ಬ್ಲಾಕ್'. ಇದನ್ನು ಓದಿದವರು ಡಿಸ್ಕ್ ಸತ್ತೇ ಹೋಯಿತು ಅಂದುಕೊಳ್ಳುತ್ತಾರೆ. ಒಬ್ಬ ಹುಡುಗಿ ಕಣ್ಣಲ್ಲಿ ನೀರು ಹಾಕಿಕೊಂಡಿದ್ದಳು. ಡಿಸ್ಕನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿ ಚೆಕ್‌ಡಿಸ್ಕ್ ಮಾಡಿಸುವುದು ಒಳ್ಳೆಯ ದಾರಿ. ಲಿನಕ್ಸಿನಲ್ಲೇ ಇರುವ ಎನ್‌ಟಿಎಫ್‌ಎಸ್‌ಫಿಕ್ಸ್ ಕಮಾಂಡ್ ಗುರುತನ್ನೇನೋ ಅಳಿಸುತ್ತದೆ, ಒಳಗಿನ ಪೆಟ್ಟನ್ನು ಪೂರ್ತಿ ರಿಪೇರಿ ಮಾಡುವುದಿಲ್ಲ. ಹಾಗಾಗಿ ಬೇರೆಯವರ ಡಿಸ್ಕಿಗೆ ನಾನು ಅದನ್ನು ಬಳಸುವುದಿಲ್ಲ. 'ಡಿಸ್ಕನ್ನು ಸರಿಯಾಗಿ ತೆಗೆದಿಲ್ಲ, ಮೊದಲು ಪರೀಕ್ಷಿಸಿ' ಎಂದು ಮಿಂಟ್ ತಂಡದವರು ಒಂದು ಸಾಲು ತೋರಿಸಿದರೆ ಎಷ್ಟು ಉಪಕಾರ!

ಪ್ರಿಂಟರ್ ವಿಷಯದಲ್ಲಿ ತಕರಾರು ಕಡಿಮೆ. ಹೊಸದರಲ್ಲಿ ಹೆಚ್ಚಿನವು ತಾವಾಗಿಯೇ ಬರುತ್ತವೆ. ಕೆಲವು ಹಳೆಯ ಲೇಸರ್ ಪ್ರಿಂಟರ್‌ಗಳಿಗೆ ಮಾತ್ರ, ಆನ್ ಮಾಡಿದಾಗಲೆಲ್ಲ ಕಂಪ್ಯೂಟರೇ ಫರ್ಮ್‌ವೇರ್ (ಪ್ರಿಂಟರಿನೊಳಗೆ ಓಡುವ ಸಾಫ್ಟ್‌ವೇರ್) ಕಳಿಸಬೇಕು. ಎಲ್‌ಎಸ್‌ಯುಎಸ್‌ಬಿ ಪಟ್ಟಿಯಲ್ಲಿ ಹೆಸರಿದ್ದೂ ಹಾಳೆ ಹೊರಬರದಿದ್ದರೆ ಇದನ್ನು ನೋಡಿ. ಎಚ್‌ಪಿಯ ಅಂಥ ಮಾಡೆಲ್‌ಗಳಿಗೆ ಎಚ್‌ಪಿ-ಪ್ಲಗಿನ್ ಹಾಕಿದರೆ ಆಯಿತು.

ವೈಫೈ ಡಾಂಗಲ್ ಕೊಳ್ಳುವಾಗ ಮಾತ್ರ ಜಾಸ್ತಿ ಎಚ್ಚರ ಬೇಕು. ಕೆಲವು ಡಾಂಗಲ್‌ಗಳು ಚುಚ್ಚಿದ ಕೂಡಲೇ ವಿಂಡೋಸ್ ಡ್ರೈವರ್ ಇರುವ ಸಿಡಿಯ ಹಾಗೆ ಕಾಣಿಸಿಕೊಳ್ಳುತ್ತವೆ. ಯುಎಸ್‌ಬಿ-ಮೋಡ್‌ಸ್ವಿಚ್ ಎಂಬ ಪ್ರೋಗ್ರಾಂ ಅವನ್ನು ವೈಫೈಗೆ ತಿರುಗಿಸುತ್ತದೆ. ಆಮೇಲೂ ಒಳಗಿನ ಚಿಪ್ಪಿಗೆ ಕರ್ನಲ್‌ನಲ್ಲಿ ಡ್ರೈವರ್ ಇರಲೇಬೇಕು. ರಿಯಲ್‌ಟೆಕ್‌ನ 8821ಸಿಯು ಚಿಪ್ಪಿಗೆ ಅದು ಕರ್ನಲ್ 6.2ರಲ್ಲಿ ಸೇರಿತು. ಮಿಂಟ್ 22 ಬಂದದ್ದು 6.8ರ ಜೊತೆ, ಹಾಗಾಗಿ 21ರಲ್ಲಿದ್ದ ಪರದಾಟ ಇಲ್ಲಿ ಕಡಿಮೆಯಾಗಿದೆ. ಡಬ್ಬದ ಮೇಲಿನ ಬ್ರ್ಯಾಂಡ್ ನೋಡಿ ಕೊಳ್ಳಬೇಡಿ, ಚಿಪ್ ಯಾವುದು ಅಂತ ಕೇಳಿ. ಅಂಗಡಿಯವರು ಹೇಳದಿದ್ದರೆ, ವಾಪಸ್ ತೆಗೆದುಕೊಳ್ಳುವ ಕಡೆಯೇ ಕೊಳ್ಳಿ.