ಶ್ರದ್ಧಾಂಜಲಿಗೆ ಒಂದು, ಖಾನಾವಳಿಗೆ ಇನ್ನೊಂದು: ನಾಲ್ಕು ಕನ್ನಡ ಫಾಂಟ್‌ಗಳ ಹೋಲಿಕೆ

ಕಲಬುರಗಿಯ ಮುದ್ರಣದ ಅಂಗಡಿಯಲ್ಲಿ ವಿನ್ಯಾಸದ ಕೆಲಸ ಮಾಡುವವರ ಮುಂದೆ ಮತ್ತೆ ಮತ್ತೆ ಬರುವ ಬೇಡಿಕೆಗಳು ಮೂರು: ಶ್ರದ್ಧಾಂಜಲಿಯ ಫ್ಲೆಕ್ಸ್, ಖಾನಾವಳಿಯ ಬೋರ್ಡು ಮತ್ತು ತೊಗರಿ ಬೇಳೆಯ ಪೊಟ್ಟಣ. ಈ ಮೂರಕ್ಕೂ ಟಿರೋ ಕನ್ನಡ, ನೋಟೋ ಸೆರಿಫ್ ಕನ್ನಡ, ಅನೇಕ್ ಕನ್ನಡ ಮತ್ತು ಬಾಲೂ ತಮ್ಮ 2 ಎಂಬ ಫಾಂಟ್‌ಗಳಲ್ಲಿ ಒಂದೇ ಪಠ್ಯವನ್ನು ಅಚ್ಚು ಹಾಕಿಸಿ, ಪಕ್ಕಪಕ್ಕದಲ್ಲಿಟ್ಟು, ಹತ್ತಿರದಿಂದಲೂ ರಸ್ತೆಯ ಆಚೆಯಿಂದಲೂ ನೋಡಿದ್ದೇನೆ. ನಾಲ್ಕೂ ಮುಕ್ತ ಪರವಾನಗಿಯವಾದ್ದರಿಂದ ವ್ಯಾಪಾರದ ಕೆಲಸಕ್ಕೂ ಹಣ ಕೊಡಬೇಕಿಲ್ಲ. ಹಾಗಾಗಿ ಇಲ್ಲಿ ಆಯ್ಕೆಯನ್ನು ನಿರ್ಧರಿಸುವುದು ಓದುವ ಮೊದಲೇ ಅಕ್ಷರವು ನೋಡುವವರಲ್ಲಿ ಮೂಡಿಸುವ ಭಾವ. ಬೀದರಿನಲ್ಲಿ 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾದ ಮುಂಭಾಗದಲ್ಲಿ ಉಳಿದಿರುವ ಬಣ್ಣದ ಹೆಂಚುಗಳ ಅರೇಬಿಕ್ ಬರಹವನ್ನು ಆ ಲಿಪಿ ಬಾರದವರೂ ನಿಂತು ನೋಡುತ್ತಾರೆ. ಅರ್ಥ ತಿಳಿಯದಿದ್ದರೂ ಅದರ ಗಾಂಭೀರ್ಯ ಅವರನ್ನು ತಲುಪಿರುತ್ತದೆ.

ಕನ್ನಡದಲ್ಲಿ ಈ ಭಾವ ಮುಖ್ಯವಾಗಿ ತಲೆಕಟ್ಟಿನ ಆಕಾರ, ಗೆರೆಯ ದಪ್ಪ–ತೆಳುವಿನ ಏರಿಳಿತ ಮತ್ತು ಒತ್ತಕ್ಷರಕ್ಕೆ ಸಿಕ್ಕ ಜಾಗ, ಇವುಗಳಲ್ಲಿ ನೆಲೆಸಿರುತ್ತದೆ ಎಂಬುದು ನನ್ನ ಅನುಭವ. ಇದು ಅತ್ಯಂತ ಸ್ಪಷ್ಟವಾಗಿ ಕಾಣುವುದು ಶ್ರದ್ಧಾಂಜಲಿಯಲ್ಲಿ.

ಟಿರೋ ಕನ್ನಡವು ಹಾರ್ವರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ ಹೊರತರುತ್ತಿರುವ ಭಾರತದ ಹಳೆಯ ಕೃತಿಗಳ ಮೂರ್ತಿ ಕ್ಲಾಸಿಕಲ್ ಲೈಬ್ರರಿ ಮಾಲೆಯ ಅಗತ್ಯದಿಂದ ಹುಟ್ಟಿದ ಫಾಂಟ್ ಬಳಗಕ್ಕೆ ಸೇರಿದ್ದು. ಗ್ರಂಥಕ್ಕೆಂದು ರೂಪುಗೊಂಡ ಆ ಹಿನ್ನೆಲೆ ಅದರ ಗೆರೆಯಲ್ಲಿ ಕಾಣುತ್ತದೆ: ಗೆರೆ ಒಂದೆಡೆ ತುಂಬಿಕೊಂಡು ಇನ್ನೊಂದೆಡೆ ಸಣ್ಣಗಾಗುತ್ತದೆ, ಆದ್ದರಿಂದ ಅಕ್ಷರಕ್ಕೆ ಅವಸರವಿಲ್ಲದ ನಡಿಗೆ ಬರುತ್ತದೆ. ಭಾವಚಿತ್ರದ ಕೆಳಗೆ ಅಚ್ಚು ಹಾಕುವ ವಚನದ ಸಾಲುಗಳು ಇದರಲ್ಲಿ ಕುಳಿತಷ್ಟು ಗೌರವದಿಂದ ಉಳಿದ ಮೂರರಲ್ಲಿ ಕುಳಿತುಕೊಳ್ಳಲಿಲ್ಲ. ಆದರೆ ಇದರಲ್ಲಿ ಸಾಮಾನ್ಯ ಮತ್ತು ಓರೆ ರೂಪಗಳಷ್ಟೇ ಇವೆ, ದಪ್ಪ ರೂಪವಿಲ್ಲ. ಮನೆಯವರು ಮಾತ್ರ ಹಿರಿಯರ ಹೆಸರು ದಪ್ಪಗಿರಲಿ ಎಂದೇ ಕೇಳುತ್ತಾರೆ. ಆಗ ಬೋಲ್ಡ್ ಗುಂಡಿ ಒತ್ತಿದರೆ ತಂತ್ರಾಂಶವು ಗೆರೆಯ ಎರಡೂ ಬದಿಗೆ ಮಸಿ ಬಳಿದಂತೆ ಅಕ್ಷರವನ್ನು ಊದಿಸುತ್ತದೆ. ‘ಶ್ರದ್ಧಾಂಜಲಿ’ ಎಂಬಲ್ಲಿ ದಕಾರದ ಕೆಳಗಿರುವ ಧಕಾರದ ಒತ್ತನ್ನು ಗಮನಿಸಿ: ಅದು ಮಹಾಪ್ರಾಣವೆಂದು ತಿಳಿಯುವುದು ಅಡಿಯಲ್ಲಿರುವ ಸಣ್ಣ ಸೀಳಿನಿಂದ ಮಾತ್ರ. ಕೃತಕವಾಗಿ ದಪ್ಪ ಮಾಡಿದಾಗ ಆ ಸೀಳು ಮುಚ್ಚಿಹೋಗಿ ‘ಶ್ರದ್ದಾಂಜಲಿ’ ಆಗುತ್ತದೆ, ಮತ್ತು ಹಿರಿಯರ ಚಿತ್ರದ ಮೇಲೆಯೇ ಕಾಗುಣಿತದ ತಪ್ಪೊಂದು ನಿಂತಂತೆ ಕಾಣುತ್ತದೆ.

ನೋಟೋ ಸೆರಿಫ್ ಕನ್ನಡದಲ್ಲಿ ಈ ತೊಂದರೆಯಿಲ್ಲ. ಅದರಲ್ಲಿ ಅತಿ ತೆಳುವಿನಿಂದ (100) ಅತಿ ದಪ್ಪದವರೆಗೆ (900) ತೂಕಗಳು, ಅಂದರೆ ಗೆರೆಯ ದಪ್ಪದ ಹಂತಗಳು ಇದ್ದು, 600ರಲ್ಲಿ ಅಚ್ಚು ಹಾಕಿದಾಗಲೂ ಆ ಸೀಳು ತೆರೆದೇ ಇತ್ತು. ಆದರೆ ಅದರ ಭಾವ ಬೇರೆ: ಸಮನಾದ, ಅಚ್ಚುಕಟ್ಟಾದ, ಸುದ್ದಿ ತಿಳಿಸುವ ಧ್ವನಿ ಅದು. ದುಃಖದ ಮನೆಯಿಂದ ಹೊರಡುವ ಬರಹಕ್ಕೆ ನನಗದು ಸ್ವಲ್ಪ ದೂರದ ಮಾತಿನಂತೆ ತೋರಿತು. ಅಲ್ಲಿ ನಾನು ಟಿರೋವನ್ನೇ ಆರಿಸಿ, ಹೆಸರನ್ನು ದಪ್ಪ ಮಾಡುವ ಬದಲು ದೊಡ್ಡದು ಮಾಡುತ್ತೇನೆ; ದಿನಾಂಕ, ಸ್ಥಳ, ಬಂಧುಗಳ ಹೆಸರುಗಳಿಗೆ ನೋಟೋ ಸೆರಿಫ್ ಸಾಕು. ಸಾಲುಗಳ ನಡುವಿನ ಅಂತರ ಅಕ್ಷರದ ಅಳತೆಯ ಒಂದೂವರೆ ಪಟ್ಟು ಇರಲೇಬೇಕು, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಉರ್ದು ಸಾಲೂ ಬೇಕೆಂದಾಗ ನೋಟೋ ನಸ್ತಾಲೀಖ್ ಉರ್ದು ಫಾಂಟ್‌ನ ಇಳಿಜಾರು ಓಟದ ಪಕ್ಕದಲ್ಲಿ ಟಿರೋವಿನ ಬಾಗು ಚೆನ್ನಾಗಿ ಹೊಂದಿಕೊಂಡಿತು.

ಬೋರ್ಡಿನ ಲೆಕ್ಕವೇ ಬೇರೆ. ಖಾನಾವಳಿಯ ಬೋರ್ಡು ಹಸಿದವರನ್ನು ಒಳಗೆ ಕರೆಯಬೇಕು, ಮತ್ತು ಆ ಕರೆ ಬಾಲೂ ತಮ್ಮ 2ರಲ್ಲಿ ಸಹಜವಾಗಿಯೇ ಇದೆ. ದುಂಡಗಿನ ತುದಿಗಳು, ತುಂಬಿದ ಹೊಟ್ಟೆಯ ಅಕ್ಷರಗಳು. ‘ಖಡಕ್ ರೊಟ್ಟಿ’ ಎಂದು ಬರೆದರೆ ನಗುಮುಖದಿಂದ ಬಡಿಸುವವರ ನೆನಪಾಗುತ್ತದೆ. ಇದೇ ಫಾಂಟ್‌ನಲ್ಲಿ ಶ್ರದ್ಧಾಂಜಲಿ ಹಾಕಿದಾಗ ನೋಡಲು ಸಂಕಟವಾಯಿತು. ಭಾವವೆಂಬುದು ಓದುಗರ ಕಲ್ಪನೆ ಮಾತ್ರವೆನ್ನುವವರು ಆ ಎರಡು ಹಾಳೆಗಳನ್ನು ಒಟ್ಟಿಗೆ ನೋಡಬೇಕು. ಆದರೆ ನಮ್ಮ ಕಡೆಯ ಹೆಸರುಗಳು ಉದ್ದ. ‘ಶ್ರೀ ಶರಣಬಸವೇಶ್ವರ ಖಾನಾವಳಿ’ ಎಂಬುದು ಕಿರಿದಾದ ಬೋರ್ಡಿನಲ್ಲಿ ಒಂದೇ ಸಾಲಿಗೆ ಬರಬೇಕೆಂದರೆ ಬಾಲೂವನ್ನು ಅಡ್ಡಡ್ಡ ಹಿಂಡಬೇಕಾಗುತ್ತದೆ. ಹಿಂಡಿದ ಕೂಡಲೇ ಲಂಬ ಗೆರೆಗಳು ಸಣ್ಣಗಾಗಿ, ಅಡ್ಡ ಗೆರೆಗಳು ಹಾಗೆಯೇ ಉಳಿದು, ದುಂಡುತನವೆಲ್ಲ ಕೆಡುತ್ತದೆ.

ಅನೇಕ್ ಕನ್ನಡದ ಬಲವಿರುವುದು ಇಲ್ಲಿಯೇ. ಬಾಲೂವನ್ನು ರೂಪಿಸಿದ ಏಕ್ ಟೈಪ್ ಬಳಗದ್ದೇ ಆದ ಇದರಲ್ಲಿ ತೂಕದಂತೆ ಅಗಲವನ್ನೂ ಸಾಮಾನ್ಯ ಅಗಲದ ಶೇಕಡಾ 75ರಿಂದ 125ರವರೆಗೆ ಬದಲಿಸಬಹುದು, ಮತ್ತು ಕಿರಿದಾದಾಗಲೂ ಗೆರೆಯ ದಪ್ಪ ಹದ ತಪ್ಪುವುದಿಲ್ಲ. ರಸ್ತೆಯ ಆಚೆಯಿಂದ ನೋಡಿದಾಗ ಮೊದಲು ಓದಿಸಿಕೊಂಡದ್ದೂ ಅದೇ. ಬಾಲೂವಿನ ಬೆಚ್ಚನೆ ಅದಕ್ಕಿಲ್ಲವೆಂಬುದು ನಿಜ. ಆದ್ದರಿಂದ ಉದ್ದದ ಹೆಸರಿಗೆ ಅನೇಕ್, ಎರಡು ಮೂರು ಅಕ್ಷರದ ಹೆಸರಿಗೆ ಹಾಗೂ ತಿನಿಸುಗಳ ಪಟ್ಟಿಗೆ ಬಾಲೂ ಎಂದು ನಾನು ನಿಶ್ಚಯಿಸಿಕೊಂಡಿದ್ದೇನೆ.

ತೊಗರಿ ಬೇಳೆಯ ಪೊಟ್ಟಣದ ವಿಷಯದಲ್ಲಿ ಹೆಚ್ಚು ಯೋಚಿಸಬೇಕಾಗಲಿಲ್ಲ. ನಮ್ಮ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಸೊಲ್ಲಾಪುರಕ್ಕೂ ಹೈದರಾಬಾದಿಗೂ ಕಳಿಸುವ ಪೊಟ್ಟಣದ ಮೇಲೆ ಕನ್ನಡದ ಜೊತೆಗೆ ದೇವನಾಗರಿ ಮತ್ತು ತೆಲುಗು ಬೇಕಾಗುತ್ತವೆ. ಅನೇಕ್ ಬಳಗದಲ್ಲಿ ಮೂರೂ ಲಿಪಿಗಳು ಒಂದೇ ತೂಕದಲ್ಲಿ, ಒಂದೇ ಧ್ವನಿಯಲ್ಲಿ ಸಿಗುವುದರಿಂದ ಕನ್ನಡವು ಮಿಕ್ಕವುಗಳ ಪಕ್ಕದಲ್ಲಿ ಬಡವಾಗಿ ಕಾಣುವುದಿಲ್ಲ. ಯಾವ ಫಾಂಟ್ ಆರಿಸಿದರೂ ಅಚ್ಚಿಗೆ ಕಳಿಸುವ ಮುನ್ನ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಬೇಕು, ಏಕೆಂದರೆ ಹಳೆಯ ವಿನ್ಯಾಸ ತಂತ್ರಾಂಶಗಳಲ್ಲಿ ಯೂನಿಕೋಡ್ ಕನ್ನಡದ ಒತ್ತುಗಳು ಅಕ್ಷರದ ಕೆಳಗೆ ಕೂಡದೆ ಪಕ್ಕದಲ್ಲಿ ಬಿಡಿಯಾಗಿ ನಿಲ್ಲುವುದುಂಟು.